25,000 ರೂಪಾಯಿಯೊಳಗೆ ಎರಡು ದಿನದ ಮದುವೆಗೆ ವಾದ್ಯ, ಸಂಗೀತ: ಸಲಹೆ ಕೋರಿಕೆ

ಕಲ್ಪತರು (ತಿಪಟೂರು)

ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಬರುವ ವೈಶಾಖದಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಗಿದ್ದು, ತಿಪಟೂರಿನಲ್ಲೇ ಛತ್ರವನ್ನು ಗೊತ್ತು ಮಾಡಿದ್ದೇವೆ. ತಂದೆಯವರು ನಿವೃತ್ತರಾಗಿರುವುದರಿಂದ ಖರ್ಚಿನ ಹೊಣೆ ಬಹುಮಟ್ಟಿಗೆ ನನ್ನ ಮೇಲಿದೆ. ಛತ್ರ, ಅಡುಗೆ, ಬಟ್ಟೆ, ಒಡವೆಗಳ ಲೆಕ್ಕ ಮುಗಿದ ಮೇಲೆ ವಾದ್ಯ ಮತ್ತು ಸಂಗೀತಕ್ಕೆಂದು ಉಳಿದಿರುವುದು 25,000 ರೂಪಾಯಿ. ಮೈಕ್ ಸೆಟ್ಟಿನ ಬಾಡಿಗೆಯೂ ಇದರೊಳಗೇ ಬರಬೇಕು.

ಮೊದಲ ದಿನ ಸಂಜೆ ವರಪೂಜೆ, ಅದರ ಬೆನ್ನಿಗೇ ಆರತಕ್ಷತೆ. ಮರುದಿನ ಬೆಳಿಗ್ಗೆ 7.30ರಿಂದ 8.45ರೊಳಗೆ ಮುಹೂರ್ತ. ಸುಮಾರು 400 ಮಂದಿ ಬರಬಹುದು. ವರನ ಕಡೆಯವರು ಹಾವೇರಿಯವರಾಗಿದ್ದು, ಮದುಮಗನನ್ನು ದೇವಸ್ಥಾನದಿಂದ ಛತ್ರಕ್ಕೆ ಕರೆತರುವ ಮೆರವಣಿಗೆಗೆ ಬಾಜಾ ಇರಬೇಕೆಂದು ಅಪೇಕ್ಷೆ ಪಟ್ಟಿದ್ದಾರೆ. ಆರ್ಕೆಸ್ಟ್ರಾ ಇಲ್ಲದಿದ್ದರೆ ಆರತಕ್ಷತೆ ಸಪ್ಪೆಯಾಗುತ್ತದೆ ಎಂದು ನಮ್ಮ ದೊಡ್ಡಪ್ಪ ಪಟ್ಟು ಹಿಡಿದಿದ್ದಾರೆ. ಆರ್ಕೆಸ್ಟ್ರಾದವರು 45,000 ಕೇಳಿದರು; ನಾದಸ್ವರದವರು ಎರಡೂ ಹೊತ್ತಿಗೆ ಸೇರಿ 18,000 ಎಂದರು. ಪೆನ್ ಡ್ರೈವ್ ಒಂದಿದ್ದರೆ ಎಲ್ಲವೂ ಮುಗಿಯಿತು ಎನ್ನುವ ಸ್ನೇಹಿತರೂ ಇದ್ದಾರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬಹುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಶ್ರುತಿಪೆಟ್ಟಿಗೆ (ಮೈಸೂರು)

ಕಲ್ಪತರು ಅವರೇ, ತಂಗಿಯ ಮದುವೆಗೆ ಮೊದಲೇ ಶುಭಾಶಯಗಳು. ವಾದ್ಯ, ಆರ್ಕೆಸ್ಟ್ರಾ, ಮೈಕ್ ಎಂದು ಬಾಬ್ತುವಾರು ಹಣ ಹಂಚಲು ಹೊರಟರೆ 25,000 ಎಂದಿಗೂ ಸಾಲುವುದಿಲ್ಲ. ಅದರ ಬದಲು ಎರಡು ದಿನಗಳ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಯಾವ ಹೊತ್ತಿನಲ್ಲಿ ಸಂಗೀತವಿಲ್ಲದಿದ್ದರೆ ಕಾರ್ಯವೇ ನಿಲ್ಲುತ್ತದೆ ಎಂದು ಗುರುತು ಹಾಕಿ ನೋಡಿ. ನನ್ನ ದೃಷ್ಟಿಯಲ್ಲಿ ಅಂಥ ಹೊತ್ತು ಬೆಳಗಿನದೊಂದೇ: ಕಾಶಿಯಾತ್ರೆಗೆ ಹೊರಟ ವರನನ್ನು ಹಿಂದಕ್ಕೆ ಕರೆತರುವುದರಿಂದ ಹಿಡಿದು, ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವವರೆಗೆ, ಅಲ್ಲಿಂದ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಮುಗಿಯುವವರೆಗೆ. ಇಷ್ಟಕ್ಕೆ ಜೀವಂತ ವಾದ್ಯ ಬೇಕು. ಉಳಿದ ಹೊತ್ತುಗಳಿಗೆ ಕೈಯಲ್ಲಿ ಉಳಿದ ಹಣವನ್ನು ನೋಡಿಕೊಂಡು ಏರ್ಪಾಡು ಮಾಡಬಹುದು.

ಕಾರಣ ಸರಳವಾಗಿದೆ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದ ಕ್ಷಣದಲ್ಲಿ ನುಡಿಸುತ್ತಿರುವ ಕೀರ್ತನೆಯನ್ನು ಅರ್ಧಕ್ಕೇ ಬಿಟ್ಟು, ಡೋಲು ಮತ್ತು ನಾದಸ್ವರಗಳೆರಡೂ ತಾರಕಕ್ಕೆ ಏರಬೇಕು. ತಾಳಿ ಕಟ್ಟುವಾಗ ಸೀನು, ಅಳು, ಒಡಕು ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂಬುದು ಅದರ ಉದ್ದೇಶ. ಮೂರನೆಯ ಗಂಟನ್ನು ನಾದಿನಿ ಹಾಕುವಷ್ಟರಲ್ಲಿ ದಾರ ಜಾರಿದರೆ ಮೇಳ ಇನ್ನೂ ಅರ್ಧ ನಿಮಿಷ ಮುಂದುವರಿಯಬೇಕು. ಇದನ್ನು ಕಣ್ಣಿನಿಂದ ನೋಡಿ ನುಡಿಸುವವರು ಮಾಡಬಲ್ಲರೇ ಹೊರತು, ಗುಂಡಿ ಒತ್ತುವವರು ಮಾಡಲಾರರು.

ದೊಡ್ಡಪ್ಪನವರಿಗೆ ಒಂದು ಮಾತನ್ನು ಹೇಳಿ ನೋಡಿ. ಆರ್ಕೆಸ್ಟ್ರಾ ಭೋರ್ಗರೆಯುತ್ತಿರುವಾಗ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದವರು ಹರಸಿದ್ದು ವಧೂವರರಿಗೆ ಕೇಳುವುದಿಲ್ಲ, ಅವರು ಉತ್ತರಿಸಿದ್ದು ಇವರಿಗೆ ಕೇಳುವುದಿಲ್ಲ; ವರ್ಷಗಳ ನಂತರ ಭೇಟಿಯಾದ ನೆಂಟರು ಮಾತನಾಡಬೇಕೆಂದರೆ ಊಟದ ಮನೆಗೆ ಹೋಗಬೇಕಾಗುತ್ತದೆ.

ಡೋಲಿನ ಮನೆಯವ (ಕೋಲಾರ ಜಿಲ್ಲೆ)

ನಮ್ಮ ತಂದೆಯವರು ಡೋಲು ನುಡಿಸುತ್ತಾರೆ, ಅಣ್ಣ ನಾದಸ್ವರ. ನಾನು ಬೇರೆ ಉದ್ಯೋಗದಲ್ಲಿದ್ದರೂ ಸುಗ್ಗಿಯ ದಿನಗಳಲ್ಲಿ ತಾಳಕ್ಕೆ ಹೋಗುತ್ತೇನೆ. ಆದ್ದರಿಂದ ವಾದ್ಯದವರ ಕಡೆಯಿಂದ ಕೆಲವು ವಿಷಯಗಳನ್ನು ಹೇಳಬಹುದೆಂದುಕೊಂಡಿದ್ದೇನೆ.

ಸಾಮಾನ್ಯವಾಗಿ ‘ಸೆಟ್’ ಎಂದರೆ ಎರಡು ನಾದಸ್ವರ, ಎರಡು ಡೋಲು, ತಾಳ, ಶ್ರುತಿ. ಹಣ ಕಡಿಮೆಯಿದ್ದಾಗ ಒಂದು ನಾದಸ್ವರ, ಒಂದು ಡೋಲು, ತಾಳಕ್ಕೊಬ್ಬರು ಎಂದು ಮೂವರನ್ನು ಕೇಳಿ. ಶ್ರುತಿಗೆಂದು ಒಬ್ಬರನ್ನು ಕೂರಿಸುತ್ತಿದ್ದ ಕಾಲ ಮುಗಿದಿದೆ. ವಿದ್ಯುತ್ ಶ್ರುತಿಪೆಟ್ಟಿಗೆ ಎಲ್ಲರ ಚೀಲದಲ್ಲೂ ಇರುತ್ತದೆ, ಪ್ಲಗ್ ಸಿಗುವ ಜಾಗದಲ್ಲಿ ಕೂರಿಸಿದರೆ ಸಾಕು. 400 ಜನರ ಛತ್ರಕ್ಕೆ ಮೂವರ ಮೇಳದ ಸದ್ದು ಕಡಿಮೆಯಾಗುತ್ತದೆಂಬ ಭಯ ಬೇಡ. ಕಲ್ಲು ನೆಲ, ತಗಡಿನ ಚಾವಣಿ ಇರುವ ಛತ್ರಗಳಲ್ಲಿ ಡೋಲಿಗೆ ಮೈಕ್ ಹಿಡಿಯುವುದು ಕಿವಿಗೆ ಶಿಕ್ಷೆ.

ಒಂದು ನಾದಸ್ವರ ಮಾತ್ರ ಇದ್ದಾಗ ನೆನಪಿಡಬೇಕಾದ ಅಂಶವೊಂದಿದೆ. ಜೋಡಿಯಿದ್ದರೆ ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬರೇ ಆದರೆ ನಡುನಡುವೆ ನಿಲ್ಲಿಸಬೇಕಾಗುತ್ತದೆ. ವಾದ್ಯದ ತುದಿಯಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿರುವ ಪೀಪಿಗಳ ಗೊಂಚಲನ್ನು ನೀವು ನೋಡಿರಬಹುದು. ಬಾಯಲ್ಲಿರುವ ಪೀಪಿ ನೆನೆದು ಮೆತ್ತಗಾದರೆ ಸ್ವರ ಇಳಿಯುತ್ತದೆ, ಆಗ ಅದನ್ನು ತೆಗೆದು ಬೇರೊಂದನ್ನು ನಾಲಿಗೆಯಲ್ಲಿ ಹದ ಮಾಡಿ ಸಿಕ್ಕಿಸಬೇಕು. ಆ ನಿಲುಗಡೆಯನ್ನು ಕಂಡು ‘ಯಾಕ್ರೀ ಸುಮ್ಮನೆ ಕೂತಿದ್ದೀರಿ’ ಎಂದು ಗದರುವ ಒಬ್ಬ ಯಜಮಾನರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಅಂಥವರಿಗೆ ಮೊದಲೇ ತಿಳಿಸಿಡಿ.

ದರದ ವಿಷಯ: ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ನಮಗೆ ಮದುವೆಗಳಿಲ್ಲ. ವರ್ಷದ ಸಂಪಾದನೆ ಉಳಿದ ತಿಂಗಳುಗಳ ಕೆಲವೇ ಲಗ್ನಗಳಲ್ಲಿ ಆಗಬೇಕು, ಅದರಲ್ಲೂ ಭಾನುವಾರದ ಲಗ್ನಕ್ಕೆ ನಾಲ್ಕು ಕಡೆಯಿಂದ ಕರೆ ಬರುತ್ತದೆ. ನಿಮ್ಮದು ವೈಶಾಖವಾದ್ದರಿಂದ ಚೌಕಾಶಿಗೆ ಹೆಚ್ಚು ಆಸ್ಪದವಿಲ್ಲ. ಮದುವೆ ವಾರದ ನಡುವೆ ಬಿದ್ದಿದ್ದರೆ ಧೈರ್ಯವಾಗಿ ಕೇಳಿ. ಇನ್ನೊಂದು ಎಚ್ಚರಿಕೆ: ಒಂದೇ ದಿನಕ್ಕೆ ಎರಡು ಮೂರು ಮದುವೆಗಳನ್ನು ಒಪ್ಪಿಕೊಂಡು ಮೇಳವನ್ನು ಒಡೆದು ಕಳುಹಿಸುವ ರೂಢಿ ಉಂಟು, ನೀವು ಕೇಳಿ ಮೆಚ್ಚಿದವರು ಒಬ್ಬರು, ಆ ದಿನ ಬರುವವರು ಇನ್ನೊಬ್ಬರು ಆಗುತ್ತಾರೆ. ಮುಂಗಡದ ಚೀಟಿಯಲ್ಲಿ ಯಾರು ಬರುತ್ತಾರೆ, ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನು ಬರೆಸಿಕೊಂಡರೆ ಯಾರಿಗೂ ಬೇಸರವಿಲ್ಲ.

ಕಲ್ಪತರು (ತಿಪಟೂರು)

ಇಬ್ಬರಿಗೂ ಧನ್ಯವಾದಗಳು. ಮದುವೆ ಇರುವುದು ಗುರುವಾರ, ಆದ್ದರಿಂದ ಮಾತನಾಡಿ ನೋಡುತ್ತೇನೆ. ಆದರೆ ಈಗ ಹೊಸದೊಂದು ತೊಡಕು ಎದುರಾಗಿದೆ. ಛತ್ರದ ವ್ಯವಸ್ಥಾಪಕರು ತಮ್ಮಲ್ಲಿ ಗೊತ್ತಾದ ವಾದ್ಯದವರೇ ಇದ್ದಾರೆಂದೂ, ಹೊರಗಿನವರನ್ನು ಕರೆತಂದರೆ 3,000 ‘ರಾಯಲ್ಟಿ’ ಕಟ್ಟಬೇಕೆಂದೂ ಹೇಳುತ್ತಿದ್ದಾರೆ. ಆರತಕ್ಷತೆಯಲ್ಲಿ ಚಿತ್ರಗೀತೆಗಳನ್ನು ಹಾಕುವುದಾದರೆ ಸಂಗೀತದ ಪರವಾನಗಿಗೆಂದು ಪ್ರತ್ಯೇಕ ಹಣ ಬೇಕಂತೆ. ಇದು ಎಷ್ಟರಮಟ್ಟಿಗೆ ಸರಿ?

ಕರಡು ಪ್ರತಿ (ಬೆಂಗಳೂರು)

ಈ ಎರಡು ಬೇಡಿಕೆಗಳೂ ಬೇರೆ ಬೇರೆ ಸ್ವಭಾವದವು, ಅವುಗಳನ್ನು ಬೆರೆಸಬೇಡಿ.

ಹೊರಗಿನ ವಾದ್ಯದವರಿಗೆ ರಾಯಲ್ಟಿ ಎಂಬುದು ಛತ್ರದವರಿಗೂ ನಿಮಗೂ ಆಗಿರುವ ಒಪ್ಪಂದದ ವಿಷಯ. ಹೂವಿನ ಅಲಂಕಾರಕ್ಕೂ ಅಡುಗೆಗೂ ಹೀಗೆಯೇ ಕೇಳುವ ಛತ್ರಗಳಿವೆ. ನೀವು ಸಹಿ ಮಾಡಿದ ಕಾಗದದಲ್ಲಿ ಆ ಷರತ್ತು ಇದ್ದರೆ ಮಾತುಕತೆಯಿಂದ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ನಂತರ ಸೇರಿಸಿದ್ದನ್ನು ಕೊಡಬೇಕಾಗಿಲ್ಲವೆಂದು ಗಟ್ಟಿಯಾಗಿ ಹೇಳಬಹುದು. ಅದೇ ಕಾಗದದಲ್ಲಿ ವಿದ್ಯುತ್ತಿನ ಯೂನಿಟ್ ದರ ಮತ್ತು ಜನರೇಟರಿನ ಡೀಸೆಲ್ ಲೆಕ್ಕ ಯಾರಿಗೆ ಎಂಬುದನ್ನೂ ಓದಿಕೊಳ್ಳಿ. ದೊಡ್ಡ ಸೌಂಡ್ ಸಿಸ್ಟಮ್ ತರಿಸಿದವರ ಬಿಲ್ಲು ಅಲ್ಲಿಯೇ ಉಬ್ಬುತ್ತದೆ.

ಚಿತ್ರಗೀತೆಗಳ ಪರವಾನಗಿಯ ಮಾತು ಕಾನೂನಿನದು. ಕೃತಿಸ್ವಾಮ್ಯ ಕಾಯಿದೆ, 1957ರ 52ನೆಯ ಪ್ರಕರಣದ (1)(ಝಡ್‌ಎ) ಖಂಡವು ಧಾರ್ಮಿಕ ವಿಧಿಯ ಅಂಗವಾಗಿ ಸಂಗೀತ ಕೃತಿಯನ್ನು ನುಡಿಸುವುದನ್ನಾಗಲಿ ಧ್ವನಿಮುದ್ರಣವನ್ನು ಕೇಳಿಸುವುದನ್ನಾಗಲಿ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಆ ಧಾರ್ಮಿಕ ವಿಧಿಯೊಳಗೇ ಸೇರುತ್ತವೆಂದು ಅದರ ವಿವರಣೆಯಲ್ಲಿಯೇ ಹೇಳಿದೆ. ಹೀಗಿದ್ದರೂ ಹಣ ವಸೂಲಿಯ ದೂರುಗಳು ಬರುತ್ತಿದ್ದುದರಿಂದ, ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 24 ಜುಲೈ 2023ರಂದು ಸಾರ್ವಜನಿಕ ಪ್ರಕಟಣೆಯೊಂದನ್ನು ಹೊರಡಿಸಿ ಇದೇ ಮಾತನ್ನು ಸ್ಪಷ್ಟಪಡಿಸಿತು. ಅದನ್ನು ಮುದ್ರಿಸಿಕೊಂಡು ಹೋಗಿ ವ್ಯವಸ್ಥಾಪಕರ ಮೇಜಿನ ಮೇಲಿಡಿ.

ಸದ್ದಿನ ನಿಯಮವನ್ನೂ ಹೇಳಿಬಿಡುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕವನ್ನಾಗಲಿ ವಾದ್ಯವನ್ನಾಗಲಿ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ರಸ್ತೆಯ ಮೆರವಣಿಗೆಯಲ್ಲಿ ಧ್ವನಿವರ್ಧಕ ಬಳಸುವುದಾದರೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. ಬರಿಯ ಬಾಜಾ ಆದರೂ ಒಂದು ಮಾತು ತಿಳಿಸಿರುವುದು ಒಳ್ಳೆಯದು.

ಲೆಕ್ಕದ ಪುಸ್ತಕ (ಬೆಂಗಳೂರು)

ಎಲ್ಲರೂ ನಾದಸ್ವರದ ಪರವಾಗಿಯೇ ಮಾತನಾಡುತ್ತಿರುವುದರಿಂದ ನಾನು ಎದುರು ಪಕ್ಷದಲ್ಲಿ ನಿಲ್ಲುತ್ತೇನೆ. ಮದುವೆಗೆ ಬಂದವರಲ್ಲಿ ನಾದಸ್ವರವನ್ನು ಕೂತು ಕೇಳುವವರು ಎಷ್ಟು ಜನ? ನುಡಿಸುವವರು ಒಳ್ಳೆಯ ಆಲಾಪನೆ ಎತ್ತಿಕೊಂಡಿರುತ್ತಾರೆ, ಅವರ ಮುಂದೆಯೇ ನಾಲ್ವರು ನಿಂತು ನಿವೇಶನದ ದರ ಮಾತನಾಡುತ್ತಿರುತ್ತಾರೆ. ಯಾರೂ ಕೇಳದ ಸಂಗೀತಕ್ಕೆ 10,000 ಕೊಡುವುದಕ್ಕಿಂತ, ಹೆಸರಾಂತ ವಿದ್ವಾಂಸರು ನುಡಿಸಿದ ಮಂಗಳವಾದ್ಯದ ಧ್ವನಿಮುದ್ರಣವನ್ನು ಒಳ್ಳೆಯ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿದರೆ ಸಂಗೀತಕ್ಕೂ ಮರ್ಯಾದೆ, ಜೇಬಿಗೂ ನೆಮ್ಮದಿ. ಮದುವೆಯ ಮನೆಯವರು ಸಾಲ ಮಾಡಿ ಸಂಪ್ರದಾಯವನ್ನು ಉಳಿಸಬೇಕಾಗಿಲ್ಲ.

ಶ್ರುತಿಪೆಟ್ಟಿಗೆ (ಮೈಸೂರು)

ಯಾರೂ ಕೂತು ಕೇಳುವುದಿಲ್ಲ ಎಂಬುದು ನಿಜ. ಆದರೆ ಧಾರೆ ಮಂಟಪದ ಪಕ್ಕದ ನಾದಸ್ವರ ಕಚೇರಿಯಲ್ಲ. ಅದು ಕಾರ್ಯವನ್ನು ನಡೆಸುವ ಸಂಗೀತ. ಊಟದ ಮನೆಯಲ್ಲಿ ಹರಟುತ್ತಿದ್ದ ಸೋದರಮಾವ ಡೋಲಿನ ನಡೆ ಬದಲಾದದ್ದನ್ನು ಕೇಳಿ, ತನ್ನನ್ನು ಕರೆಯುವ ಹೊತ್ತಾಯಿತೆಂದು ಎದ್ದು ಬರುತ್ತಾನೆ. ಹೊರಗಿದ್ದವರು ಅಕ್ಷತೆ ಹಿಡಿದು ಒಳಗೆ ನುಗ್ಗುವುದು ಗಟ್ಟಿಮೇಳ ಕೇಳಿದಾಗಲೇ. ಬೆಳಗ್ಗೆ ಭೂಪಾಳ, ಬೌಳಿಗಳಿಂದ ಆರಂಭಿಸಿ ಆರತಿಯ ಹೊತ್ತಿಗೆ ಮಧ್ಯಮಾವತಿಗೆ ಬಂದು ನಿಲ್ಲುವ ಕ್ರಮವನ್ನು ಕಿವಿ ತನಗೆ ಗೊತ್ತಿಲ್ಲದಂತೆ ಹಿಂಬಾಲಿಸುತ್ತಿರುತ್ತದೆ.

ಇನ್ನು ಧ್ವನಿಮುದ್ರಣದ ಪಾಡು. ಕಳೆದ ವರ್ಷ ನಮ್ಮ ಬಂಧುಗಳ ಮದುವೆಯೊಂದರಲ್ಲಿ ವರನ ತಮ್ಮನ ಮೊಬೈಲನ್ನು ಬ್ಲೂಟೂತ್ ಮೂಲಕ ಸ್ಪೀಕರಿಗೆ ಜೋಡಿಸಿದ್ದರು. ಪುರೋಹಿತರು ಗಟ್ಟಿಮೇಳ ಎಂದಾಗ ಹುಡುಗ ಸರಿಯಾದ ಹಾಡನ್ನು ಹುಡುಕುತ್ತಿದ್ದ. ಅದು ಸಿಕ್ಕಿ ಎರಡು ಆವರ್ತ ಆಗುವಷ್ಟರಲ್ಲಿ ಯಾರದೋ ಕರೆ ಬಂದು, ಇಡೀ ಸಭಾಂಗಣಕ್ಕೆ ಅವನ ರಿಂಗ್‌ಟೋನು ಕೇಳಿಸಿತು. ಕರೆ ಮಾಡಿದವರು ಛತ್ರದ ದಾರಿ ಕೇಳಲು ಫೋನಾಯಿಸಿದ್ದರಂತೆ.

ಲೆಕ್ಕದ ಪುಸ್ತಕ (ಬೆಂಗಳೂರು)

ಅದು ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕದವನ ದೋಷ, ಧ್ವನಿಮುದ್ರಣದ ದೋಷವಲ್ಲ! ಆದರೂ ಸೋದರಮಾವನ ಮಾತನ್ನು ಒಪ್ಪುತ್ತೇನೆ. ಹಾಗಾದರೆ ಮುಹೂರ್ತಕ್ಕೆ ನಾದಸ್ವರವಿರಲಿ. ಊಟದ ಮನೆಗೆ, ಅತಿಥಿಗಳು ಬರುವ ಹೊತ್ತಿಗೆ, ಆರತಕ್ಷತೆಯ ಮೊದಲರ್ಧಕ್ಕೆ ಧ್ವನಿಮುದ್ರಣವಿರಲಿ. ಹಾಡುಗಳನ್ನು ಮೊದಲೇ ಇಳಿಸಿಕೊಂಡು ಹಳೆಯ, ಸಿಮ್ ಇಲ್ಲದ ಫೋನೊಂದರಲ್ಲಿ ಹಾಕಿ, ತಂತಿಯ ಮೂಲಕವೇ ಜೋಡಿಸಿ. ಅಂತರ್ಜಾಲದಿಂದ ನೇರವಾಗಿ ಹಾಕಿದರೆ ಮಂಗಳಾಷ್ಟಕದ ನಡುವೆ ಸಾಬೂನಿನ ಜಾಹೀರಾತು ಬರುತ್ತದೆ.

ವರದಾ ತೀರ (ಹಾವೇರಿ)

ವರನ ಕಡೆಯವರು ನಮ್ಮೂರಿನವರೆಂದು ತಿಳಿದು ಸಂತೋಷವಾಯಿತು. ನಮ್ಮ ಭಾಗದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಶಹನಾಯಿ, ಸಂಬಾಳ ಇರುವುದು ವಾಡಿಕೆ. ಮೆರವಣಿಗೆಗೆ ಬ್ಯಾಂಡ್ ಅಥವಾ ಹಲಗಿ. ಅವರು ಕೇಳುತ್ತಿರುವ ಬಾಜಾ ಎಂದರೆ ಹದಿನೈದು ಜನರ ಬ್ಯಾಂಡ್ ಎಂದು ನೀವು ಭಾವಿಸಿದ್ದರೆ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಹಲಗಿಯವರು ನಾಲ್ಕು ಜನ ಇದ್ದರೂ ಮೆರವಣಿಗೆ ಕಳೆಗಟ್ಟುತ್ತದೆ, ಅವರಿಗೆ ಮೈಕಾಗಲಿ ವಿದ್ಯುತ್ತಾಗಲಿ ಬೇಡ. ಚರ್ಮವನ್ನು ಕಾಯಿಸಿಕೊಳ್ಳಲು ಒಂದಿಷ್ಟು ಬೆಂಕಿ, ಕುಡಿಯಲು ನೀರು, ಕೊನೆಗೆ ಹೊಟ್ಟೆ ತುಂಬ ಊಟ ಸಾಕು.

ಖರ್ಚಿನ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇನೆ: ಮೆರವಣಿಗೆ ವರನ ಕಡೆಯವರ ಅಪೇಕ್ಷೆಯಾಗಿದ್ದರೆ ಅದರ ವೆಚ್ಚವನ್ನು ಅವರೇ ವಹಿಸಿಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ಇದನ್ನು ನೀವು ನೇರವಾಗಿ ವರನ ತಂದೆಯವರ ಬಳಿ ಎತ್ತಬೇಡಿ, ಸಂಬಂಧ ಕುದುರಿಸಿದ ಹಿರಿಯರ ಮೂಲಕ ಹೇಳಿಸಿ. ‘ನಮ್ಮೂರಿನಲ್ಲಿ ಒಳ್ಳೆಯ ಹಲಗಿಯವರು ಸಿಗುವುದಿಲ್ಲ, ನಿಮ್ಮ ಕಡೆಯವರೇ ದಿಬ್ಬಣದ ಬಸ್ಸಿನಲ್ಲಿ ಬಂದರೆ ಚೆಂದ’ ಎಂದರೆ ಮಾತೂ ಮುರಿಯುವುದಿಲ್ಲ, ಪ್ರಯಾಣದ ಖರ್ಚೂ ಬೇರೆ ಆಗುವುದಿಲ್ಲ. ದೇವಸ್ಥಾನದಿಂದ ಛತ್ರಕ್ಕೆ ದೂರ ಕಡಿಮೆಯಿರಲಿ. ಉದ್ದನೆಯ ಮೆರವಣಿಗೆಯಿಂದ ವರಪೂಜೆ ತಡವಾಗಿ, ಆರತಕ್ಷತೆಗೆ ಬಂದವರು ಖಾಲಿ ಕುರ್ಚಿಗಳನ್ನು ನೋಡುತ್ತ ಕೂತದ್ದನ್ನು ಕಂಡಿದ್ದೇನೆ.

ನೇತ್ರಾವತಿ (ಬಂಟ್ವಾಳ)

ಕರಾವಳಿಯ ರೂಢಿಯನ್ನೂ ಇಲ್ಲಿ ಹೇಳಬಹುದೆನಿಸಿತು. ನಮ್ಮಲ್ಲಿ ಮದುವೆಯ ಮನೆಗಳಲ್ಲಿ ನಾದಸ್ವರದಷ್ಟೇ ಸಹಜವಾಗಿ ಸ್ಯಾಕ್ಸೋಫೋನ್ ಕೇಳಿಬರುತ್ತದೆ. ನಾದಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮನಸೋತು, ಗಮಕಗಳನ್ನು ಅದರಲ್ಲಿ ಒಲಿಸಿಕೊಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಕಲಿತವರ ಸಂಖ್ಯೆ ಬಹಳ ಬೆಳೆಯಿತು. ಇದರ ಅನುಕೂಲವೆಂದರೆ, ಡೋಲಿನವರೊಡನೆ ಬಂದ ಒಬ್ಬ ಸ್ಯಾಕ್ಸೋಫೋನ್ ವಾದಕರು ಬೆಳಿಗ್ಗೆ ಮಂಗಳವಾದ್ಯ ನುಡಿಸುತ್ತಾರೆ, ಸಂಜೆಗೆ ಅದೇ ವಾದ್ಯದಲ್ಲಿ ಹಳೆಯ ಚಿತ್ರಗೀತೆಗಳನ್ನೂ ದೇವರನಾಮಗಳನ್ನೂ ನುಡಿಸಿ ಆರತಕ್ಷತೆಯನ್ನು ತುಂಬುತ್ತಾರೆ. ಒಂದೇ ಮೇಳದಿಂದ ಎರಡು ಹೊತ್ತೂ ಸಾಗುತ್ತದೆ.

ಆದರೆ ನಮ್ಮ ಕಡೆಯಿಂದ ಘಟ್ಟ ಹತ್ತಿಸಿ ತಿಪಟೂರಿಗೆ ಕರೆಸಿಕೊಳ್ಳುವುದು ಬೇಡ. ಪ್ರಯಾಣ, ವಸತಿ ಸೇರಿದರೆ ಉಳಿತಾಯವೆಲ್ಲ ಅದರಲ್ಲೇ ಹೋಗುತ್ತದೆ. ಹಾಸನ, ಅರಸೀಕೆರೆಯ ಸುತ್ತ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲವಾದರೆ ನಿಮ್ಮೂರಿನ ನಾದಸ್ವರವೇ ಲೇಸು.

ಹಸೆಮಣೆ (ಶಿವಮೊಗ್ಗ)

ಇಷ್ಟೆಲ್ಲ ಮಾತುಗಳ ನಡುವೆ ಮನೆಯ ಹೆಂಗಸರ ಹಾಡನ್ನು ಯಾರೂ ನೆನೆಯದಿರುವುದು ನನಗೆ ಸೋಜಿಗವೆನಿಸಿತು. ನನಗೆ ಅರವತ್ತೆಂಟು ವರ್ಷ. ನಾವು ಚಿಕ್ಕವರಿದ್ದಾಗ ಎಣ್ಣೆಶಾಸ್ತ್ರಕ್ಕೆ ಒಂದು ಹಾಡು, ಹಸೆಗೆ ಕರೆಯಲು ಒಂದು, ಬೀಗರನ್ನು ಕೆಣಕಲು ಒಂದು, ಉರುಟಣೆಗೆ ಒಂದು, ಆರತಿಗೆ ಒಂದು ಎಂದು ಪ್ರತಿಯೊಂದಕ್ಕೂ ಸೋಬಾನೆ ಪದಗಳಿದ್ದವು. ಅದಕ್ಕೆ ಯಾರೂ ಯಾರಿಗೂ ಹಣ ಕೊಡುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಅತ್ತೆ, ಚಿಕ್ಕಮ್ಮ, ಅಜ್ಜಿಯರು ನಾಲ್ವರಿದ್ದರೂ ಸಾಕು, ಅವರನ್ನು ಈಗಲೇ ಕೇಳಿ.

ಮಾಧ್ವರ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಹಾಡುವ ಪದ್ಧತಿಯುಂಟು. ಅದರಲ್ಲಿ ನೂರಕ್ಕೂ ಹೆಚ್ಚು ನುಡಿಗಳಿರುವುದರಿಂದ ಪೂರ್ತಿ ಹಾಡಲು ಬಿಡುವು ಸಿಗುವುದಿಲ್ಲ. ಕಡಲನ್ನು ಕಡೆದಾಗ ಹುಟ್ಟಿದ ಲಕ್ಷ್ಮಿ ಎಲ್ಲ ದೇವತೆಗಳನ್ನೂ ದಾಟಿ ಬಂದು ವಿಷ್ಣುವಿಗೆ ಮಾಲೆ ಹಾಕುವ ಭಾಗವಿದೆಯಲ್ಲ, ಅಷ್ಟನ್ನು ಆರಿಸಿಕೊಂಡು ಮಾಲೆ ಬದಲಾಯಿಸುವಾಗ ಹಾಡಿದರೆ ಸನ್ನಿವೇಶಕ್ಕೆ ಒಪ್ಪುತ್ತದೆ. ಬೇರೆ ಸಂಪ್ರದಾಯದವರಿಗೆ ಅವರವರ ಮನೆಯ ಪದಗಳಿರುತ್ತವೆ.

ಅಭ್ಯಾಸವಿಲ್ಲದೆ ಮೈಕಿನ ಮುಂದೆ ನಿಲ್ಲಿಸಿದರೆ ಎಂಥವರಿಗೂ ಗಂಟಲು ಕಟ್ಟುತ್ತದೆ. ಆದ್ದರಿಂದ ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ, ಕನ್ನಡಕವಿಲ್ಲದೆಯೂ ಓದುವಂತೆ ರಟ್ಟಿಗೆ ಅಂಟಿಸಿ ಕೊಡಿ. ಯಾರು ಎತ್ತಿಕೊಡಬೇಕು, ಯಾವ ಶ್ರುತಿಯಲ್ಲಿ ಎಂಬುದನ್ನು ಮನೆಯಲ್ಲೇ ಎರಡು ಸಂಜೆ ಕೂತು ಗೊತ್ತು ಮಾಡಿಕೊಳ್ಳಿ. ಎತ್ತಿಕೊಡುವವರು ಹುರುಪಿನಲ್ಲಿ ಮೇಲಿನ ಶ್ರುತಿ ಹಿಡಿದರೆ ಮೂರನೆಯ ನುಡಿಗೇ ಉಳಿದವರ ದನಿ ಒಡೆಯುತ್ತದೆ. ನಾದಸ್ವರದವರಿಗೂ ಮೊದಲೇ ತಿಳಿಸಿ. ಹೆಂಗಸರು ಹಾಡುವಷ್ಟು ಹೊತ್ತು ಅವರಿಗೂ ಉಸಿರಾಡಲು ಬಿಡುವು ದೊರೆಯುತ್ತದೆ.

ಡೋಲಿನ ಮನೆಯವ (ಕೋಲಾರ ಜಿಲ್ಲೆ)

ಅಮ್ಮಾ, ನೀವು ಹೇಳಿದ ಕೊನೆಯ ಮಾತು ನೂರಕ್ಕೆ ನೂರು ನಿಜ. ಒಂಟಿ ನಾದಸ್ವರದವರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಕಲ್ಪತರು ಅವರಿಗೆ ಹಣ ಉಳಿಸುವ ಇನ್ನೊಂದು ದಾರಿಯಿದೆ. ಬೆಳಿಗ್ಗೆ 6 ಗಂಟೆಗೆ ನುಡಿಸಲು ಕೂರಬೇಕಾದವರು ಹೊರ ಊರಿನವರಾದರೆ ಹಿಂದಿನ ರಾತ್ರಿಯೇ ಬಂದು ಛತ್ರದಲ್ಲಿ ಮಲಗುತ್ತಾರೆ. ಹೇಗೂ ಬರುವವರನ್ನು ಎರಡು ಗಂಟೆ ಮುಂಚಿತವಾಗಿ ಬರಹೇಳಿ, ವರಪೂಜೆಗೆ ಅರ್ಧ ಮುಕ್ಕಾಲು ಗಂಟೆ ನುಡಿಸಲು ಕೇಳಿದರೆ ಎರಡು ಹೊತ್ತಿನ ಪೂರ್ಣ ದರ ಬೀಳುವುದಿಲ್ಲ, ಬೆಳಗಿನ ದರದ ಮೇಲೆ ಸ್ವಲ್ಪ ಸೇರಿಸಿದರೆ ಒಪ್ಪುತ್ತಾರೆ. ಪ್ರತಿಯಾಗಿ ಅವರಿಗೆ ಮಲಗಲು ಫ್ಯಾನ್ ಇರುವ ಒಂದು ಜಾಗ ತೋರಿಸಿ. ವೈಶಾಖದ ಸೆಕೆಯಲ್ಲಿ, ವೇದಿಕೆಯ ಹಿಂದೆ ಹೂವಿನ ಬುಟ್ಟಿಗಳ ನಡುವೆ ಮಲಗಿ ಎದ್ದವರು ಬೆಳಿಗ್ಗೆ ಎಂಥ ನಾದ ತೆಗೆದಾರು?

ಕಡಿಮೆ ಮಾಡುವುದಿದ್ದರೆ ಜನರನ್ನು, ಗಂಟೆಗಳನ್ನು ಕಡಿಮೆ ಮಾಡಿ. ಒಪ್ಪಿದ ಹಣವನ್ನು ಕೊನೆಯಲ್ಲಿ ಮುರಿಯಬೇಡಿ. ಊಟವಾದ ಮೇಲೆ ‘ಯಜಮಾನರು ಹೊರಟುಹೋದರು, ನಾಳೆ ಬನ್ನಿ’ ಎನ್ನುವವರ ಬಾಗಿಲಿಗೆ ನಮ್ಮ ತಂದೆಯವರು ಬಹಳ ಸಲ ಹೋಗಿದ್ದಾರೆ.

ಕಲ್ಪತರು (ತಿಪಟೂರು)

ಎಲ್ಲರ ಸಲಹೆಗಳನ್ನೂ ಮನೆಯಲ್ಲಿ ಓದಿ ಹೇಳಿದೆ. ಈಗ ಬಂದಿರುವ ತೀರ್ಮಾನ ಹೀಗಿದೆ.

ಗುಬ್ಬಿಯ ಕಡೆಯ ಮೂವರ ಮೇಳ ಬುಧವಾರ ಸಂಜೆ ವರಪೂಜೆಗೂ ಗುರುವಾರ ಬೆಳಿಗ್ಗೆ 6ರಿಂದ 11.30ರವರೆಗೂ ನುಡಿಸಲು, ಪ್ರಯಾಣವೂ ಸೇರಿ 13,000ಕ್ಕೆ ಒಪ್ಪಿದೆ; ಬರುವವರ ಹೆಸರುಗಳನ್ನು ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ. ಛತ್ರದ ಕಾಗದದಲ್ಲಿ ವಾದ್ಯದ ಷರತ್ತು ಇರಲಿಲ್ಲವಾದ್ದರಿಂದ ಆ 3,000ದ ಮಾತು ಅಲ್ಲಿಗೇ ನಿಂತಿತು. 2023ರ ಪ್ರಕಟಣೆಯನ್ನು ವ್ಯವಸ್ಥಾಪಕರು ಎರಡು ಸಲ ಓದಿ, ಒಂದು ಪ್ರತಿಯನ್ನು ತಾವೇ ಇಟ್ಟುಕೊಂಡರು. ಛತ್ರದ ಎರಡು ಸ್ಪೀಕರುಗಳು ಬಾಡಿಗೆಯಲ್ಲೇ ಸೇರಿರುವುದರಿಂದ, ಮಿಕ್ಸರ್ ಮತ್ತು ತಂತಿಯ ಮೈಕುಗಳಿಗೆ ಮಾತ್ರ 2,500. ಆರತಕ್ಷತೆಗೆ ಊರಿನ ಸಂಗೀತ ಶಾಲೆಯಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿರುವ ಇಬ್ಬರು, ಕೊಳಲು ಮತ್ತು ತಬಲಾದವರು, ಒಂದೂವರೆ ಗಂಟೆ ನುಡಿಸುತ್ತಾರೆ, ಅವರಿಗೆ 5,000. ಅವರ ಗುರುಗಳು ‘ಹುಡುಗರಿಗೆ ವೇದಿಕೆ ಸಿಕ್ಕರೆ ಸಾಕು, ಹಣ ಬೇಡ’ ಎಂದರೂ ನಾವು ಕೊಡುವುದೆಂದು ನಿಶ್ಚಯಿಸಿದ್ದೇವೆ. ಹಲಗಿಯವರು ಹಾವೇರಿಯಿಂದ ದಿಬ್ಬಣದ ಬಸ್ಸಿನಲ್ಲೇ ಬರುತ್ತಾರೆ, ಬೀಗರು ನಗುತ್ತಲೇ ಒಪ್ಪಿಕೊಂಡರು. ಒಟ್ಟು 20,500. ಉಳಿದ 4,500ರಲ್ಲಿ ಖುಷಿಗೆ, ತಾಂಬೂಲಕ್ಕೆ, ಆಕಸ್ಮಿಕ ಖರ್ಚಿಗೆ ತೆಗೆದಿಟ್ಟಿದ್ದೇನೆ.

ದೊಡ್ಡಪ್ಪ ಇನ್ನೂ ಪೂರ್ತಿ ಸಮಾಧಾನಗೊಂಡಿಲ್ಲ. ಕೊಳಲಿನವರು ತಮ್ಮ ಮೆಚ್ಚಿನ ಮೂರು ಹಳೆಯ ಚಿತ್ರಗೀತೆಗಳನ್ನು ನುಡಿಸಬೇಕೆಂಬ ಷರತ್ತಿನ ಮೇಲೆ ಆರ್ಕೆಸ್ಟ್ರಾವನ್ನು ಬಿಟ್ಟುಕೊಟ್ಟಿದ್ದಾರೆ. ಚಿಕ್ಕಮ್ಮಂದಿರಿಬ್ಬರೂ ಸೋದರತ್ತೆಯೂ ಭಾನುವಾರದಿಂದ ಹಾಡಿನ ಅಭ್ಯಾಸಕ್ಕೆ ಕೂರುತ್ತಾರೆ.

ಉಳಿದಿರುವುದು ಒಂದೇ ಸಂದೇಹ. ಮೇಳದವರನ್ನು ಮಂಟಪದ ಯಾವ ಬದಿಗೆ ಕೂರಿಸಬೇಕು? ಅಲಂಕಾರದವರು ಹೂವಿನ ಕಮಾನು ಚೆನ್ನಾಗಿ ಕಾಣಬೇಕೆಂದು ಅವರನ್ನು ಸಭಾಂಗಣದ ಬಾಗಿಲ ಬಳಿ ಕೂರಿಸಲು ಹೇಳುತ್ತಿದ್ದಾರೆ.

ಡೋಲಿನ ಮನೆಯವ (ಕೋಲಾರ ಜಿಲ್ಲೆ)

ಬಾಗಿಲ ಬಳಿ ಬೇಡವೇ ಬೇಡ. ಡೋಲಿನವರಿಗೆ ಪುರೋಹಿತರ ಬಲಗೈ ನೇರವಾಗಿ ಕಾಣಬೇಕು, ನಡುವೆ ಛಾಯಾಗ್ರಾಹಕರು ನಿಲ್ಲದಷ್ಟು ಹತ್ತಿರವಿರಬೇಕು. ಮಂಟಪದ ಪಕ್ಕದಲ್ಲಿ, ಹೋಮದ ಹೊಗೆ ಬರದ ಬದಿಯನ್ನು ಆರಿಸಿಕೊಳ್ಳಿ. ಹೊಗೆ ಕುಡಿದು ನಾದಸ್ವರ ಊದಲಾಗದು. ಆದರೂ ಮುಹೂರ್ತದ ಹೊತ್ತಿಗೆ ನೆಂಟರೆಲ್ಲ ಎದ್ದು ಮುತ್ತಿಕೊಂಡು ಅಡ್ಡ ಬರುತ್ತಾರೆ. ಅದಕ್ಕೆಂದು ಮನೆಯ ಹುಡುಗನೊಬ್ಬನನ್ನು ಪುರೋಹಿತರ ಹಿಂದೆ ನಿಲ್ಲಿಸಿ, ಅವರು ಗಟ್ಟಿಮೇಳವೆಂದ ತಕ್ಷಣ ಬಿಳಿ ಟವೆಲ್ಲನ್ನು ಎತ್ತಿ ಬೀಸಲು ಹೇಳಿ. ಅವನು ಎತ್ತರದವನಾಗಿರಲಿ, ಫೋಟೋ ತೆಗೆಯುವ ಹವ್ಯಾಸ ಇಲ್ಲದವನಾಗಿರಲಿ.